ಕರಾಳ ಲೋಕದ ಕವಿತೆಗಳಿಗೆ ಮುಖಪುಟದ ಹೂವನ್ನು ಆರಿಸುವ ಬಗೆ

ಡಿಸ್ಟೋಪಿಯನ್ ಕವಿತೆಗಳ, ಅಂದರೆ ಕೆಟ್ಟುಹೋದ ಲೋಕವೊಂದನ್ನು ಕಲ್ಪಿಸಿ ಬರೆದ ಕವಿತೆಗಳ ಸಂಕಲನಕ್ಕೆ ಹೂವಿನ ಮುಖಪುಟ ಬೇಕೆನ್ನುವ ಕವಿಗಳು ಕಲಾವಿದರಲ್ಲಿ ಕೇಳುವುದು ಹೆಚ್ಚಾಗಿ ಎರಡೇ ಚಿತ್ರಗಳನ್ನು: ಒಂದು ಬಾಡಿದ ಗುಲಾಬಿ, ಇನ್ನೊಂದು ಬಿರುಕು ಬಿಟ್ಟ ಕಾಂಕ್ರೀಟಿನ ಸಂದಿಯಲ್ಲಿ ಅರಳಿದ ಒಂಟಿ ಹೂ. ಮೊದಲನೆಯದು ದುಃಖವನ್ನು ಸೂಚಿಸುತ್ತದೆ, ಎರಡನೆಯದು ಭರವಸೆಯನ್ನು ಸೂಚಿಸುತ್ತದೆ, ಆದರೆ ಪುಸ್ತಕದೊಳಗಿನ ಲೋಕ ಹೇಗೆ ಕೆಟ್ಟಿತು ಎಂಬುದನ್ನು ಎರಡೂ ಹೇಳುವುದಿಲ್ಲ. ಕೇಡಿನ ಲೋಕವನ್ನು ಕಟ್ಟುವ ಕಾವ್ಯಕ್ಕೆ ಹೂವನ್ನು ಆರಿಸುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ, ಆ ಲೋಕ ಈ ಹೂವಿಗೆ ಏನು ಮಾಡಿದೆ ಎಂಬುದು. ಇದಕ್ಕೆ ಉತ್ತರ ಕೊಡಬಲ್ಲ ಹೂಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೊಲ, ಬೇಲಿ ಮತ್ತು ಹಾಳು ಗೋಡೆಗಳ ಮೇಲೆ ಧಾರಾಳವಾಗಿವೆ. ಅವುಗಳನ್ನು ಹೇಗೆ ಗುರುತಿಸಬೇಕು, ಹೇಗೆ ಪರೀಕ್ಷಿಸಬೇಕು, ಅಚ್ಚಿಗೆ ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಈ ಬರಹದಲ್ಲಿ ವಿವರಿಸಲಾಗಿದೆ.

ಮೊದಲು ಹಸ್ತಪ್ರತಿಯನ್ನು ಓದುವುದು

ಹಸ್ತಪ್ರತಿಯಲ್ಲಿ ಯಾವ ಹೂವಿನ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ, ಹೆಚ್ಚು ಸಲ ಬಂದದ್ದನ್ನೇ ಮುಖಪುಟಕ್ಕೆ ಏರಿಸುವುದು ಸುಲಭದ ದಾರಿಯಾದರೂ ಸರಿಯಾದ ದಾರಿಯಲ್ಲ. ಕವಿಗಳು ಮಲ್ಲಿಗೆಯನ್ನು ಅಭ್ಯಾಸಬಲದಿಂದಲೂ ಬರೆಯುತ್ತಾರೆ. ಅದಕ್ಕೆ ಬದಲಾಗಿ ಇಡೀ ಸಂಕಲನವನ್ನು ಒಮ್ಮೆ ಅಧಿಕಾರದ ದೃಷ್ಟಿಯಿಂದ ಓದಿ, ಒಂದು ಹಾಳೆಯ ಮೇಲೆ ಕೆಲವು ಸಂಗತಿಗಳನ್ನು ಬರೆದುಕೊಳ್ಳಬೇಕು. ಆ ಲೋಕವನ್ನು ಆಳುವವರು ಯಾರು? ಅಲ್ಲಿ ಕೊರತೆಯಾಗಿರುವುದು ನೀರೋ, ಮಾತೋ, ನಿದ್ದೆಯೋ? ಯಾವುದನ್ನು ನಿಷೇಧಿಸಲಾಗಿದೆ, ಯಾವುದನ್ನು ಕಡ್ಡಾಯಗೊಳಿಸಲಾಗಿದೆ? ಕೇಡು ಹೊರಗಿನಿಂದ ಬಂದು ಹಬ್ಬಿತೋ, ಒಳಗಿನಿಂದಲೇ ಹುಟ್ಟಿ ಕೊರೆಯಿತೋ? ಕವಿತೆಗಳಲ್ಲಿ ಯಾವ ಋತುವಿನ ಬಿಸಿಲು ಅಥವಾ ಮಂಜು ಹೆಚ್ಚಾಗಿದೆ? ಕೊನೆಯ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಬೇಸಿಗೆಯ ಕವಿತೆಗಳ ಮೇಲೆ ಕಾರ್ತಿಕದ ಹೂವನ್ನು ಇಟ್ಟರೆ, ಹೊಲದ ಪರಿಚಯವಿರುವ ಓದುಗರಿಗೆ ಅದು ಮೊದಲ ನೋಟದಲ್ಲೇ ಅಸಹಜವೆನಿಸುತ್ತದೆ.

ಈ ಉತ್ತರಗಳು ಕೈಯಲ್ಲಿದ್ದರೆ, ಹೂವು ಆ ಲೋಕದಲ್ಲಿ ಯಾವ ಸ್ಥಾನದಲ್ಲಿದೆ ಎಂಬುದನ್ನು ನಿರ್ಧರಿಸಬಹುದು. ಅದು ನಿಷೇಧಕ್ಕೊಳಗಾದ ಹೂವಾಗಿರಬಹುದು. ಆಳುವವರ ಆಜ್ಞೆಯಂತೆ ಪ್ರತಿ ಬಾಗಿಲಿಗೂ ಒಂದೇ ಅಳತೆಯಲ್ಲಿ ತೂಗುಹಾಕಲಾದ ಹೂವಾಗಿರಬಹುದು. ಉಳಿದೆಲ್ಲ ಗಿಡಗಳನ್ನು ಅಳಿಸಿ ತಾನೊಂದೇ ಹಬ್ಬಿದ ಹೂವಾಗಿರಬಹುದು. ಅರಳಬೇಕಾಗಿದ್ದು ಅರಳದೇ ಹೋದ ಹೂವೂ ಆಗಿರಬಹುದು. ಇವುಗಳಲ್ಲಿ ಎರಡನೆಯದನ್ನು ಕನ್ನಡದ ಮುಖಪುಟಗಳು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲವೆಂಬುದು ನನ್ನ ಅಭಿಪ್ರಾಯ. ಸಭೆ, ಸನ್ಮಾನ, ಉದ್ಘಾಟನೆಗಳ ವೇದಿಕೆಗಳಲ್ಲಿ ಚೆಂಡುಹೂವಿನ ಮಾಲೆಗಳು ಗೋಡೆಯಂತೆ ಇಳಿಬಿದ್ದಿರುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಚೆಂಡುಹೂವನ್ನು ಮುಖಪುಟದ ತುಂಬ ಸಾಲುಸಾಲಾಗಿ, ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಜೋಡಿಸಿದರೆ, ಶುಭಕಾರ್ಯದ ಹೂವೇ ಕವಾಯತಿಗೆ ನಿಂತಂತೆ ಕಾಣುತ್ತದೆ. ಕಡ್ಡಾಯ ಸಂತೋಷದ ಲೋಕವನ್ನು ಕುರಿತ ಸಂಕಲನಕ್ಕೆ ಬೇರೆ ಚಿತ್ರವನ್ನು ಹುಡುಕಬೇಕಾಗಿಲ್ಲ.

ದೂರದ ಹೂಗಳ ಅರ್ಥಕೋಶ

ಅಂತರಜಾಲದಲ್ಲಿ ಹೂಗಳ ಸಂಕೇತಾರ್ಥಗಳ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ, ಆದರೆ ಅವು ಬೇರೆ ನಾಡುಗಳ ಸಾವು, ಯುದ್ಧ ಮತ್ತು ಪ್ರಾರ್ಥನೆಗಳಿಂದ ಹುಟ್ಟಿದವು. ಕೆಂಪು ಗಸಗಸೆ ಹೂ ಬ್ರಿಟನ್ನಿನಲ್ಲಿ ಮೊದಲ ಮಹಾಯುದ್ಧದ ಮೃತರನ್ನು ನೆನಪಿಸುತ್ತದೆ. ನಮ್ಮ ಓದುಗರಿಗೆ ಗಸಗಸೆಯೆಂದರೆ ಹಬ್ಬದ ಪಾಯಸ. ಬಿಳಿ ಸೇವಂತಿಗೆ ಜಪಾನಿನಲ್ಲಿ ಶವಸಂಸ್ಕಾರದ ಹೂ. ಕಲಬುರಗಿಯ ಸೂಪರ್ ಮಾರ್ಕೆಟಿನ ಹೂವಿನಂಗಡಿಯಲ್ಲಿ ಅದು ಪೂಜೆಗೆ ಮೊಳದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಇಂಥ ಹೂವನ್ನು ಮುಖಪುಟಕ್ಕೆ ತಂದರೆ ಅದರ ಅರ್ಥವನ್ನು ಮುನ್ನುಡಿಯಲ್ಲಿ ಬಿಡಿಸಿ ಹೇಳಬೇಕಾಗುತ್ತದೆ, ಹಾಗೆ ಬಿಡಿಸಿ ಹೇಳಬೇಕಾದ ಸಂಕೇತ ಮುಖಪುಟದ ಕೆಲಸವನ್ನು ಮಾಡುವುದಿಲ್ಲ. ಗಸಗಸೆ ಹೂವಿಗೆ ಮಾತ್ರ ಇಲ್ಲಿ ಒಂದು ವಿನಾಯಿತಿಯಿದೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಚಿತ್ತಾರ ಮಾಡುವ ಬೀದರಿನ ಬಿದರಿ ಕುಶಲಕರ್ಮಿಗಳು ತಮ್ಮ ಹೂಜಿ, ತಟ್ಟೆ, ಹುಕ್ಕಾಗಳ ಮೇಲೆ ಗಸಗಸೆ ಗಿಡದ ವಿನ್ಯಾಸವನ್ನು ಬೆಳ್ಳಿಯಲ್ಲಿ ಕೂರಿಸುತ್ತ ಬಂದಿದ್ದಾರೆ. ಆ ರೂಪದಲ್ಲಿ ಅದು ನಮ್ಮದೇ ಹೂ.

ಹೊಲದಲ್ಲಿ ಹುಡುಕುವುದು

ಈ ಭಾಗದ ಹೂಗಳಲ್ಲಿ ಮೊದಲ ಪರಿಶೀಲನೆಗೆ ಅರ್ಹವಾದದ್ದು ತೊಗರಿ ಹೂ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಈ ಜಿಲ್ಲೆಯ ಆರ್ಥಿಕತೆ, ಸಾಲ, ಮದುವೆ, ಗುಳೆ ಎಲ್ಲವೂ ಈ ಬೆಳೆಗೆ ಕಟ್ಟಿಕೊಂಡಿರುವುದರಿಂದ, ಅದರ ಹಳದಿ ಹೂವು ಇಲ್ಲಿನ ಓದುಗರಿಗೆ ಅಲಂಕಾರವಾಗಿ ಕಾಣುವುದಿಲ್ಲ. ಮುಂಗಾರಿಗೆ ಬಿತ್ತಿದ ತೊಗರಿ ಅಕ್ಟೋಬರ್, ನವೆಂಬರ್ ಹೊತ್ತಿಗೆ ಹೂವಾಡುತ್ತದೆ. ಎಸಳಿನ ಹಿಂಬದಿಯಲ್ಲಿ ಕೆಲವು ತಳಿಗಳಲ್ಲಿ ಕೆಂಪು ಗೆರೆಗಳಿರುತ್ತವೆ. ಮೋಡ ಕವಿದು ಮಂಜು ಬಿದ್ದರೆ ಹೂ ಉದುರಿ ನೆಲ ಹಳದಿಯಾಗುತ್ತದೆ. ಆದರೆ ನಮ್ಮ ಉದ್ದೇಶಕ್ಕೆ ಹೂವಿಗಿಂತ ಮುಖ್ಯವಾದದ್ದು ಈ ಬೆಳೆಗೆ ಬರುವ ಎರಡು ರೋಗಗಳು.

ಒಂದು ಗೊಡ್ಡು ರೋಗ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುವ ಈ ರೋಗ ತಗುಲಿದ ಗಿಡ ಸಾಯುವುದಿಲ್ಲ. ಅದು ಪೊದೆಯಂತೆ ಒತ್ತಾಗಿ, ತಿಳಿಹಸಿರು ಬಣ್ಣದ ಸಣ್ಣ ಎಲೆಗಳಿಂದ ತುಂಬಿ, ಪಕ್ಕದ ಗಿಡಗಳು ಹೂ ಕಾಯಿ ಬಿಟ್ಟು ಒಣಗುವ ಹೊತ್ತಿನಲ್ಲಿಯೂ ಹಸಿರಾಗಿಯೇ ನಿಂತಿರುತ್ತದೆ. ಹೂ ಮಾತ್ರ ಬಿಡುವುದಿಲ್ಲ. ದೂರದಿಂದ ನೋಡಿದವರು ಬೆಳೆ ಚೆನ್ನಾಗಿದೆ ಎನ್ನುತ್ತಾರೆ, ಹೊಲದ ಯಜಮಾನರು "ಗೊಡ್ಡು ಬಿದ್ದದರಿ" ಎನ್ನುತ್ತಾರೆ. ಎಲ್ಲ ಅಂಕಿಅಂಶಗಳೂ ಸಮೃದ್ಧಿಯನ್ನೇ ಸಾರುತ್ತಿರುವ, ಆದರೆ ಹೊಸದೇನೂ ಹುಟ್ಟದಂತೆ ಮಾಡಲಾದ ರಾಜ್ಯವೊಂದನ್ನು ಕುರಿತ ಕವಿತೆಗಳಿಗೆ ಇಂಥ ಗಿಡಕ್ಕಿಂತ ನಿಖರವಾದ ಚಿತ್ರ ನನಗೆ ತೋರಿಲ್ಲ. ಮುಖಪುಟದಲ್ಲಿ ಹೂವೇ ಇಲ್ಲದಿರುವುದು ಇಲ್ಲಿ ಹೂವಿನ ಆಯ್ಕೆಯಾಗುತ್ತದೆ. ಹಿಂಬದಿಯ ರಕ್ಷಾಪುಟದಲ್ಲಿ ಆರೋಗ್ಯವಂತ ತೊಗರಿಯ ಒಂದೇ ಹಳದಿ ಹೂವನ್ನು ಸಣ್ಣದಾಗಿ ಇಟ್ಟರೆ ಎರಡರ ನಡುವಿನ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಇನ್ನೊಂದು ನೆಟೆ ರೋಗ. 2022ರ ಮುಂಗಾರಿನ ತೊಗರಿಯಲ್ಲಿ ಇದು ಈ ಭಾಗದಲ್ಲೆಲ್ಲ ವ್ಯಾಪಕವಾಗಿತ್ತು. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಹೂ ಕಾಯಿಯ ಹಂತದಲ್ಲಿರುವ ಗಿಡ ನಿಂತಲ್ಲೇ ಒಣಗುತ್ತದೆ. ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಒಣಗಿದ ಹೂಗಳನ್ನು ಹೊತ್ತಿರುವ ಸೀಳಿದ ಕಾಂಡವನ್ನು ವೈದ್ಯಕೀಯ ಚಿತ್ರದಂತೆ ಶುಷ್ಕವಾಗಿ ಬಿಡಿಸಿದರೆ, ನೆಲದಡಿಯಿಂದ ಬಂದ ಕೇಡನ್ನು ಕುರಿತ ಸಂಕಲನಕ್ಕೆ ಅದು ಒಪ್ಪುತ್ತದೆ. ಬೆಳೆ ಕಳೆದುಕೊಂಡವರ ನೋವು ಈ ಚಿತ್ರದಲ್ಲಿ ಇರುವುದರಿಂದ, ಕವಿತೆಗಳಿಗೂ ರೈತರ ಬದುಕಿಗೂ ಯಾವ ಸಂಬಂಧವೂ ಇಲ್ಲದಿದ್ದರೆ ಇದನ್ನು ಬಳಸುವುದು ಸರಿಯೆನಿಸುವುದಿಲ್ಲ.

ಯಾದಗಿರಿ ಕಡೆಯ ಕವಿಗಳು ಹತ್ತಿಯನ್ನು ಪರಿಗಣಿಸಬಹುದು. ಆದರೆ ಹತ್ತಿ ಹೂ ಎಂದ ಕೂಡಲೇ ಕಲಾವಿದರು ಬಿಡಿಸುವ ಬೆಳ್ಳನೆಯ ಹತ್ತಿ, ಒಡೆದ ಕಾಯಿಯೊಳಗಿನ ನಾರು. ನಿಜವಾದ ಹೂವು, ಈಗ ಹೆಚ್ಚಾಗಿ ಬೆಳೆಯುವ ತಳಿಗಳಲ್ಲಿ, ಅರಳಿದ ದಿನ ಕೆನೆ ಬಣ್ಣದ್ದಾಗಿದ್ದು ಮರುದಿನ ಗುಲಾಬಿ ಬಣ್ಣಕ್ಕೆ ತಿರುಗಿ ಬಾಡುತ್ತದೆ. ಗುಲಾಬಿ ಕಾಯಿಕೊರಕವೆಂಬ ಕೀಟದ ಮರಿ ಮೊಗ್ಗಿನೊಳಗೆ ಸೇರಿಕೊಂಡಾಗ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ: ಅದು ತನ್ನ ನೂಲಿನಿಂದ ಎಸಳುಗಳನ್ನು ಒಳಗಿನಿಂದಲೇ ಹೊಲಿದುಬಿಡುತ್ತದೆ, ಹೂವು ಅರಳಲಾರದೆ ಸುರುಳಿಯಾಗಿ ಗುಲಾಬಿ ಮೊಗ್ಗಿನಂತೆ ಕಾಣುತ್ತ ನಿಲ್ಲುತ್ತದೆ. ನೋಡುವವರಿಗೆ ಚೆಂದದ ಮೊಗ್ಗು, ಬಿಡಿಸಿದರೆ ಒಳಗೆ ಹುಳು. ಮಾತನ್ನು ಒಳಗಿನಿಂದಲೇ ಮುಚ್ಚಿಸುವ, ಬೇಹುಗಾರಿಕೆಯನ್ನು ಮನೆಯೊಳಗೆ ತಂದ ಲೋಕವನ್ನು ಕುರಿತ ಕವಿತೆಗಳಿಗೆ ಬಾಯಿಗೆ ಬೀಗ ಹಾಕಿದ ಮುಖದ ಚಿತ್ರವನ್ನು ಮತ್ತೆ ಮತ್ತೆ ಅಚ್ಚುಮಾಡುವುದಕ್ಕಿಂತ ಈ ಹೊಲಿದ ಹೂವು ಎಷ್ಟೋ ಮೇಲು. ಹತ್ತಿಯ ಹೊಲಕ್ಕೆ ಹೋದಾಗ ಇಂಥ ಹೂವನ್ನು ತೋರಿಸಿರೆಂದು ರೈತರನ್ನೇ ಕೇಳಿದರೆ ಹುಡುಕಾಟದ ಶ್ರಮ ಉಳಿಯುತ್ತದೆ.

ಹಿಂಗಾರಿನ ಹೊಲಗಳಲ್ಲಿ ಅಗಸಿ ಮತ್ತು ಕುಸುಬಿ ಇವೆ. ಅಗಸಿಯ ಐದು ಎಸಳಿನ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರುತ್ತದೆ, ಆದ್ದರಿಂದ ಕರ್ಫ್ಯೂವಿನ ನಡುವೆ ಕೆಲವೇ ಗಂಟೆಗಳ ಬಿಡುವು ಸಿಗುವಂಥ ಲೋಕಕ್ಕೆ ಅದು ಹೊಂದುತ್ತದೆ. ಕುಸುಬಿ ಮುಳ್ಳುಳ್ಳ ಗಿಡ. ದನಕರುಗಳು ಒಳಬಾರದಂತೆ ಹೊಲದಂಚಿಗೆ ಅದನ್ನು ಸಾಲಾಗಿ ಬಿತ್ತುವ ರೂಢಿಯಿದೆ, ಹೀಗಾಗಿ ಅದು ಒಂದೇ ಸಮಯದಲ್ಲಿ ಬೆಳೆಯೂ ಬೇಲಿಯೂ ಆಗಿರುತ್ತದೆ. ಗಡಿ, ಕಾವಲು, ಪೌರತ್ವದ ವಿಷಯವಿರುವ ಕವಿತೆಗಳಿಗೆ ಅದರ ಹಳದಿಯಿಂದ ಕೆಂಪಿಗೆ ತಿರುಗುವ ಹೂವು ಮುಳ್ಳುತಂತಿಯ ಕೆಲಸವನ್ನು ಮಾಡುತ್ತದೆ, ಮುಳ್ಳುತಂತಿಯ ಸವಕಲುತನ ಮಾತ್ರ ಅದಕ್ಕಿಲ್ಲ. ಎಳ್ಳಮಾಸಿಯಂದು (ಎಳ್ಳು ಅಮಾವಾಸ್ಯೆ) ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ನೈವೇದ್ಯ ಅರ್ಪಿಸಲು ಎಲ್ಲರೂ ಹೊಲಕ್ಕೆ ಹೋಗುವುದರಿಂದ, ಹೂಗಳನ್ನು ನೋಡಿ ಗುರುತುಹಾಕಿಕೊಳ್ಳಲು ಅದು ಒಳ್ಳೆಯ ದಿನ. ಆ ಹೊತ್ತಿಗೆ ಕುಸುಬಿ ಸಾಮಾನ್ಯವಾಗಿ ಇನ್ನೂ ಮೊಗ್ಗಿನಲ್ಲಿರುತ್ತದೆ, ಅದಕ್ಕಾಗಿ ಮತ್ತೊಮ್ಮೆ ಹೋಗಬೇಕು.

ಬೇಲಿ, ರಸ್ತೆ, ಹಾಳುಗೋಡೆ

ಪಾರ್ಥೇನಿಯಂ ಕಳೆಯ ಬಿಳಿ ಹೂವು ಇಷ್ಟು ಪುಟ್ಟದು, ಇಷ್ಟು ಸಾಧು ಎನ್ನಿಸುವಂಥದು. ಅದೇ ಅದರ ಶಕ್ತಿ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಒಂದು ಗಿಡ ಸಾವಿರಾರು ಬೀಜಗಳನ್ನು ಬಿಡುತ್ತದೆ, ತನ್ನ ಸುತ್ತ ಬೇರೆ ಸಸಿಗಳು ಮೊಳೆಯದಂತೆ ಮಣ್ಣಿಗೆ ರಾಸಾಯನಿಕಗಳನ್ನು ಬಿಡುತ್ತದೆ, ಮುಟ್ಟಿದವರಿಗೆ ತುರಿಕೆಯನ್ನೂ ಉಸಿರಾಡಿದವರಿಗೆ ಉಬ್ಬಸವನ್ನೂ ತರಬಲ್ಲದು. ಮುಖಪುಟದ ಮೇಲೆ ಮೊದಲು ಸುಂದರವಾಗಿ ಕಂಡು, ಯಾವ ಹೂವೆಂದು ತಿಳಿದ ಕ್ಷಣದಲ್ಲಿ ಓದುಗರ ಮೈ ತುರಿಸಬೇಕೆಂದಿದ್ದರೆ ಇದನ್ನೇ ಆರಿಸಬೇಕು. ಊರಿನಲ್ಲಿ ಇದನ್ನು ಕಾಂಗ್ರೆಸ್ ಕಸವೆಂದೇ ಕರೆಯುವುದರಿಂದ ಪುಸ್ತಕದಲ್ಲಿ ಹೂವಿನ ಹೆಸರನ್ನು ಹಾಕುವಾಗ ಪಾರ್ಥೇನಿಯಂ ಎಂದು ಬರೆಯುವುದು ಜಾಣತನ. ಇಲ್ಲವಾದರೆ ಇಡೀ ಸಂಕಲನವನ್ನು ಒಂದು ಪಕ್ಷದ ವಿಡಂಬನೆಯೆಂದು ಓದುವವರು ಖಂಡಿತ ಸಿಗುತ್ತಾರೆ.

ಕೋಟೆಗೋಡೆಗಳ ಬಿರುಕಿನಲ್ಲಿ, ಪಾಳುಬಿದ್ದ ಅಂಗಳಗಳಲ್ಲಿ, ಎಲ್ಲವೂ ಒಣಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿಯೂ ಎಕ್ಕದ ಗಿಡ ಹಸಿರಾಗಿರುತ್ತದೆ. ಅದರ ಹೂವಿನ ನಡುವೆ ಕಿರೀಟದಂಥ ಐದು ಮೂಲೆಯ ರಚನೆಯಿದ್ದು, ರೇಖಾಚಿತ್ರಕ್ಕೆ ಇಷ್ಟು ಚೆನ್ನಾಗಿ ಒದಗುವ ಹೂವು ಬೇರೊಂದಿಲ್ಲ. ಆಳುವವರು ಅಳಿದ ಮೇಲೂ ಉಳಿಯುವ ಕಿರೀಟ ಎಂಬ ಅರ್ಥ ಅದರಿಂದ ಸಹಜವಾಗಿ ಹೊರಡುತ್ತದೆ. ಮುತ್ತುಗದ ಕೆಂಡದ ಬಣ್ಣ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೀದರಿನ ಕೆಮ್ಮಣ್ಣಿನ ಪ್ರಸ್ಥಭೂಮಿಯಲ್ಲಿ ಮತ್ತು ಚಿಂಚೋಳಿಯ ಕಾಡಿನಲ್ಲಿ ಕಾಣುತ್ತದೆ. ಆದರೆ ಬೆಂಕಿಯ ಸಂಕೇತವಾಗಿ ಅದು ಬಹಳ ಬಳಕೆಯಾಗಿರುವುದರಿಂದ, ಕವಿತೆಗಳಲ್ಲಿ ನಿಜವಾಗಿಯೂ ದಂಗೆಯಿದ್ದಾಗ ಮಾತ್ರ ಅದನ್ನು ತರುವುದು ಮೇಲು. ದತ್ತೂರಿ ವಿಷದ, ಭ್ರಮೆಯ ಹೂ. ಪ್ರಚಾರದ ಮತ್ತೇರಿದ ಪ್ರಜೆಗಳ ಕವಿತೆಗಳಿಗೆ ಸಲ್ಲುತ್ತದೆ. ತಂಗಡಿಯ ಹಳದಿ ಹೂವನ್ನು ಒಂದೇ ಸಂದರ್ಭದಲ್ಲಿ ಸೂಚಿಸುತ್ತೇನೆ: ಕವಿತೆಗಳು ಗಣಿ, ಕಲ್ಲು, ಸಿಮೆಂಟು, ದೂಳನ್ನು ಕುರಿತಿದ್ದರೆ. ಸೇಡಂ, ಚಿತ್ತಾಪುರ, ಶಹಾಬಾದ ಕಡೆಯ ರಸ್ತೆಗಳ ಬದಿಯಲ್ಲಿ ಗಿಡಗಳ ಮೇಲೆ ಕೂರುವ ಬೂದು ದೂಳನ್ನು ಬಲ್ಲವರಿಗೆ, ಅರ್ಧ ಎಸಳು ಹಳದಿಯಾಗಿಯೂ ಅರ್ಧ ಬೂದಾಗಿಯೂ ಇರುವ ಹೂವಿನ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ.

ಜೀವಂತ ಹೂವೇ ಬೇಕೆಂದೂ ಇಲ್ಲ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗದಲ್ಲಿ ಬಣ್ಣದ ಹೆಂಚುಗಳ ಅಲಂಕಾರ ತುಂಡುತುಂಡಾಗಿ ಮಾತ್ರ ಉಳಿದಿದೆ; ಔರಂಗಜೇಬನ ಕಾಲದಲ್ಲಿ ನಡೆದ ಸ್ಫೋಟದಲ್ಲಿ ಕಟ್ಟಡದ ದೊಡ್ಡ ಭಾಗ ಕುಸಿಯಿತು. ಕಟ್ಟಿಸಿದವನ ಕಥೆಯೂ ಕರಾಳವೇ: ಅವನ ಮುದ್ರೆಯಿದ್ದ ಕಾಗದದ ಮೇಲೆ ವಿರೋಧಿಗಳು ಸುಳ್ಳು ಪತ್ರವನ್ನು ಸೃಷ್ಟಿಸಿದರು, ಸುಲ್ತಾನ ಅದನ್ನು ನಂಬಿ 1481ರಲ್ಲಿ ಅವನ ತಲೆ ತೆಗೆಸಿದ. ಪುಸ್ತಕಗಳ ನಾಶ, ಸುಳ್ಳು ದಾಖಲೆ, ಶಿಕ್ಷಣದ ಮೇಲಿನ ಹಿಡಿತ ಇವು ಸಂಕಲನದ ವಸ್ತುವಾಗಿದ್ದರೆ, ಆ ಹೆಂಚುಗಳ ಬಳ್ಳಿ ಹೂವಿನ ವಿನ್ಯಾಸವನ್ನು ಅದು ಉಳಿದಿರುವ ಸ್ಥಿತಿಯಲ್ಲಿಯೇ, ನಡುನಡುವೆ ಬರಿಗೋಡೆ ಕಾಣುವಂತೆ ಬಳಸುವುದು ಯಾವ ಬಾಡಿದ ಗುಲಾಬಿಗಿಂತಲೂ ಸಮರ್ಥವಾದ ಆಯ್ಕೆ. ಕಳೆದುಹೋದ ಭಾಗವನ್ನು ಕಂಪ್ಯೂಟರಿನಲ್ಲಿ ತುಂಬಿಸುವ ಆಸೆಯನ್ನು ತಡೆದುಕೊಳ್ಳಬೇಕು. ಸಂರಕ್ಷಿತ ಸ್ಮಾರಕಗಳಲ್ಲಿ ಕ್ಯಾಮೆರಾ ಸ್ಟ್ಯಾಂಡ್ ಬಳಸುವುದಾದರೆ ಮೊದಲೇ ಅನುಮತಿಯನ್ನು ಕೇಳಿಕೊಳ್ಳಬೇಕು.

ಹೂವಿನ ಮೇಲಿರುವ ಹಳೆಯ ಹೊರೆ

ಹೂವನ್ನು ನಿರ್ಧರಿಸಿದ ಮೇಲೆ, ಅದರ ಮೇಲೆ ಈಗಾಗಲೇ ಯಾರ ಭಕ್ತಿ, ಯಾರ ರಾಜಕೀಯವಿದೆ ಎಂಬುದನ್ನು ನೋಡಬೇಕು. ಕಮಲ ಪಕ್ಷವೊಂದರ ಚಿಹ್ನೆಯಾಗಿರುವುದರಿಂದ, ಕವಿ ಏನೇ ಉದ್ದೇಶಿಸಿದ್ದರೂ ಓದುಗರು ಅದನ್ನೇ ಮೊದಲು ಓದುತ್ತಾರೆ. ಅದು ನಮ್ಮ ರಾಜ್ಯದ ಹೂವೂ ಆಗಿರುವುದು ಗೊಂದಲವನ್ನು ಹೆಚ್ಚಿಸುತ್ತದೆ. ಗುಲಾಬಿ ಕಲಬುರಗಿಯ ಖಾಜಾ ಬಂದೇನವಾಜ್ ದರ್ಗಾದಲ್ಲಿ ಚಾದರವಾಗಿ ಸಲ್ಲುವ ಹೂ. ಎಕ್ಕದ ಮಾಲೆ ಹನುಮಂತನಿಗೂ ದತ್ತೂರಿ ಶಿವನಿಗೂ ಸಲ್ಲುತ್ತವೆ. ಇದರಿಂದ ಈ ಹೂಗಳನ್ನು ಬಳಸಲೇಬಾರದೆಂದು ಅರ್ಥವಲ್ಲ. ಕವಿತೆಗಳಲ್ಲಿನ ದುಷ್ಟ ಆಡಳಿತದ ಲಾಂಛನವಾಗಿ ಒಂದು ಸಮುದಾಯದ ಪೂಜೆಯ ಹೂವನ್ನು ನಿಲ್ಲಿಸಿದರೆ, ಆ ಆಡಳಿತವೆಂದರೆ ಆ ಸಮುದಾಯವೇ ಎಂಬ ಓದು ಹುಟ್ಟುತ್ತದೆ, ಕವಿ ಅದಕ್ಕೆ ಉತ್ತರಿಸಬೇಕಾಗುತ್ತದೆ. ಬೆಳೆಯ ಹೂಗಳಿಗೆ ಮತ್ತು ಕಳೆಯ ಹೂಗಳಿಗೆ ಈ ಹೊರೆ ಕಡಿಮೆ. ನಾನು ತೊಗರಿ, ಹತ್ತಿ, ಪಾರ್ಥೇನಿಯಂಗಳನ್ನು ಇಷ್ಟು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಕರಡು ಚಿತ್ರವನ್ನು ಕವಿತೆ ಓದುವವರಿಗೆ ತೋರಿಸುವಂತೆಯೇ, ಕವಿತೆ ಓದದವರಿಗೂ ತೋರಿಸಬೇಕು; ಅವರಲ್ಲಿ ಒಬ್ಬರಾದರೂ ಒಕ್ಕಲುತನದವರು ಇರಲಿ. ತೋರಿಸುವಾಗ ಅರ್ಥವನ್ನು ಹೇಳದೆ, ಇದು ಏನು, ಇದನ್ನು ನೋಡಿದರೆ ಏನನ್ನಿಸುತ್ತದೆ ಎಂದಷ್ಟೇ ಕೇಳಬೇಕು. ಇದು ಯಾವ ಹೂವೆಂದು ಒಬ್ಬರೂ ಹೇಳಲಾರದೆ ಹೋದರೆ ತಪ್ಪು ಚಿತ್ರದಲ್ಲಿದೆ.

ಚಿತ್ರವನ್ನು ಪಡೆಯುವುದು

ಸಿದ್ಧ ಚಿತ್ರಗಳ ತಾಣಗಳಲ್ಲಿ ಹೂಗಳ ಹೆಸರುಗಳು ಅನೇಕ ಸಲ ತಪ್ಪಾಗಿರುತ್ತವೆ. ದತ್ತೂರಿಯೆಂದು ಸಿಗುವ ಚಿತ್ರದಲ್ಲಿ ಹೂವು ಗಂಟೆಯಂತೆ ಕೆಳಕ್ಕೆ ತೂಗುತ್ತಿದ್ದರೆ ಅದು ದಕ್ಷಿಣ ಅಮೆರಿಕದ ಇನ್ನೊಂದು ಗಿಡ. ನಮ್ಮ ದತ್ತೂರಿಯ ಹೂವು ಮೇಲ್ಮುಖವಾಗಿ ನಿಲ್ಲುತ್ತದೆ. ಮುತ್ತುಗದ ಹೆಸರಿನಲ್ಲಿ ಗುಲ್‌ಮೊಹರ್ ಸಿಗುತ್ತದೆ. ಅಗಲವಾದ ಐದು ಎಸಳು ಬಿಚ್ಚಿಕೊಂಡಿದ್ದು ಅವುಗಳಲ್ಲೊಂದು ಮಾತ್ರ ಚುಕ್ಕೆ ಚುಕ್ಕೆಯಾಗಿದ್ದರೆ ಅದು ಗುಲ್‌ಮೊಹರ್, ಕೊಕ್ಕಿನಾಕಾರದಲ್ಲಿ ಬಾಗಿದ್ದರೆ ಮುತ್ತುಗ. ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ ಚಿತ್ರಗಳಲ್ಲಿ ಎಸಳುಗಳ ಸಂಖ್ಯೆಯನ್ನೂ ಎಲೆಯ ಜೋಡಣೆಯನ್ನೂ ಪರಿಶೀಲಿಸದೆ ಒಪ್ಪಿಕೊಳ್ಳಬಾರದು; ತೊಗರಿಗೂ ಮುತ್ತುಗಕ್ಕೂ ಮೂರು ಕಿರುಎಲೆಗಳ ಗುಂಪು ಇರಬೇಕು, ಅದು ಕೂಡ ಅಲ್ಲಿ ಅನೇಕ ಸಲ ಕೆಟ್ಟಿರುತ್ತದೆ. ಬೇರೆಯವರು ತೆಗೆದ ಫೋಟೊ ಆಗಿದ್ದರೆ ಅನುಮತಿಯನ್ನು ಬರಹದಲ್ಲಿ ಪಡೆದಿರಬೇಕು.

ಸ್ವತಃ ಹೋಗಿ ತೆಗೆಯುವುದಾದರೆ ಹೊಲದವರ ಒಪ್ಪಿಗೆಯನ್ನು ಕೇಳಿಯೇ ಒಳಗೆ ಹೋಗಬೇಕು, ಬೆಳಗಿನ ಬೆಳಕಿನಲ್ಲಿ ತೆಗೆಯಬೇಕು. ಅಗಸಿಗೆ ಇದು ಅನಿವಾರ್ಯ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ದತ್ತೂರಿಯ ಎಲ್ಲ ಭಾಗಗಳೂ ವಿಷ, ಪಾರ್ಥೇನಿಯಂ ಬರಿಗೈಯಲ್ಲಿ ಹಿಡಿಯುವಂಥದಲ್ಲ. ಮನೆಗೆ ತಂದು ಸ್ಕ್ಯಾನರಿನ ಮೇಲಿಡುವ ಯೋಚನೆಯಿದ್ದರೆ ಕೈಗವಸು ಹಾಕಿಕೊಳ್ಳಬೇಕು, ಮಕ್ಕಳಿರುವ ಮನೆಯಲ್ಲಿ ದತ್ತೂರಿಯನ್ನು ತರದಿರುವುದೇ ಒಳ್ಳೆಯದು.

ಬಣ್ಣ, ಕಪ್ಪು ಮತ್ತು ಶೀರ್ಷಿಕೆ

ಕಪ್ಪು ಹಿನ್ನೆಲೆಯನ್ನು ಬಯಸುವವರು ಬಿದರಿ ಕೆಲಸವನ್ನು ಹತ್ತಿರದಿಂದ ನೋಡಿಬರಬೇಕು. ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕಹೊಯ್ದ ಪಾತ್ರೆಯ ಮೇಲೆ ಚಿತ್ತಾರವನ್ನು ಕೊರೆದು, ಬೆಳ್ಳಿಯನ್ನು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಅಲ್ಲಿ ಹೂವಿಗೆ ನೆರಳಿಲ್ಲ, ಆಳವಿಲ್ಲ, ತೆಳುವಾದ ಗೆರೆ ಮತ್ತು ತುಂಬಿದ ಎಸಳು ಮಾತ್ರ. ಡಿಸ್ಟೋಪಿಯನ್ ಮುಖಪುಟಕ್ಕೆ ಈ ನಿರ್ಲಿಪ್ತ ಚಪ್ಪಟೆತನ ಬಹಳ ಒಪ್ಪುತ್ತದೆ, ಏಕೆಂದರೆ ಅದು ಓದುಗರಿಗೆ ಅಳು ತರಿಸಲು ಯತ್ನಿಸುವುದಿಲ್ಲ. ಅಚ್ಚಿನಲ್ಲಿ ಇದನ್ನು ಸಾಧಿಸಲು ಕಪ್ಪು ಶಾಯಿಯೊಂದೇ ಸಾಲದು, ಅದು ದೊಡ್ಡ ಜಾಗದಲ್ಲಿ ಬೂದಾಗಿ ಕಾಣುತ್ತದೆ. ಕಪ್ಪಿನ ಜೊತೆಗೆ ಸ್ವಲ್ಪ ನೀಲಿಯನ್ನು ಸೇರಿಸುವಂತೆ ಮುದ್ರಣಾಲಯದವರಿಗೆ ಹೇಳಬೇಕು. ಕಪ್ಪು ಮ್ಯಾಟ್ (ಹೊಳಪಿಲ್ಲದ) ಲ್ಯಾಮಿನೇಶನ್ ಮೇಲೆ ಬೆರಳಚ್ಚು ಬೇಗ ಮೂಡುತ್ತದೆ. ಬೇಹುಗಾರಿಕೆಯ ಕವಿತೆಗಳಾಗಿದ್ದರೆ ಅದನ್ನು ಹಾಗೆಯೇ ಬಿಡಬಹುದು, ಇಲ್ಲವಾದರೆ ಬೇರೆ ಲ್ಯಾಮಿನೇಶನ್ ಕೇಳಬೇಕು. ಹೂವಿನ ಮೇಲೆ ಮಾತ್ರ ಹೊಳಪು ಬರುವ ಸ್ಪಾಟ್ ಯುವಿ ಬಿದರಿಯ ಪರಿಣಾಮಕ್ಕೆ ಹತ್ತಿರ ಬರುತ್ತದೆ, ಖರ್ಚನ್ನೂ ಏರಿಸುತ್ತದೆ.

ಮುತ್ತುಗದ ಕಿತ್ತಳೆ, ಅಗಸಿಯ ನೀಲಿ ಮೊಬೈಲಿನ ಪರದೆಯ ಮೇಲೆ ಕಂಡಷ್ಟು ಪ್ರಖರವಾಗಿ ಕಾಗದದ ಮೇಲೆ ಬರುವುದಿಲ್ಲ. ಆದ್ದರಿಂದ ಕಡತವನ್ನು ಆರಂಭದಲ್ಲೇ ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣಕ್ರಮದಲ್ಲಿ, 300 ಡಿಪಿಐ (ಇಂಚಿಗೆ 300 ಚುಕ್ಕೆ) ಗುಣಮಟ್ಟದಲ್ಲಿ, ಕತ್ತರಿಸುವ ಅಂಚಿನ ಆಚೆಗೆ 3 ಮಿ.ಮೀ. ಹೆಚ್ಚುವರಿ ಬಿಟ್ಟು ಸಿದ್ಧಪಡಿಸಬೇಕು. ಕನ್ನಡ ಕವನ ಸಂಕಲನಗಳು ಹೆಚ್ಚಾಗಿ ಡೆಮಿ 1/8 ಅಳತೆಯವು, ಅಂದರೆ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಈ ಉದ್ದನೆಯ ಚೌಕಟ್ಟಿನಲ್ಲಿ ಕಾಂಡಸಹಿತವಾದ ಒಂದು ಹೂ ಸಲೀಸಾಗಿ ನಿಲ್ಲುತ್ತದೆ, ಹೂಗುಚ್ಛ ಇಕ್ಕಟ್ಟಾಗುತ್ತದೆ.

ಕನ್ನಡ ಶೀರ್ಷಿಕೆಗೆ ಅದರದೇ ಆದ ಬೇಡಿಕೆಯಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲಕ್ಕೆ ಏಳುತ್ತದೆ; ಬಳ್ಳಿ ಅಥವಾ ಎಸಳು ಆ ಜಾಗಕ್ಕೆ ಬಂದರೆ ಒತ್ತು ಯಾವುದು, ಎಲೆ ಯಾವುದು ಎಂದು ತಿಳಿಯದಂತಾಗುತ್ತದೆ. ಹೂವನ್ನು ಇರಿಸುವ ಮೊದಲೇ ಶೀರ್ಷಿಕೆಯನ್ನು ಅದರ ಪೂರ್ಣ ಗಾತ್ರದಲ್ಲಿ ಕೂರಿಸಿ ನೋಡಬೇಕು. ಪುಸ್ತಕ ತೆಳುವಾಗಿದ್ದರೆ ಬೆನ್ನಿನ ಮೇಲೆ ಹೂವನ್ನು ತುರುಕುವ ಪ್ರಯತ್ನ ಬೇಡ, ಹೆಸರು ಓದಲು ಬಂದರೆ ಸಾಕು. ಮುಖಪುಟವನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ ಮೊಬೈಲಿನಲ್ಲಿಯೂ ನೋಡಬೇಕು, ಪುಸ್ತಕವನ್ನು ಹೆಚ್ಚಿನವರು ಮೊದಲು ಕಾಣುವುದು ವಾಟ್ಸ್‌ಆ್ಯಪಿನಲ್ಲಿ. ಈ ಪರೀಕ್ಷೆಯಲ್ಲಿ ಪಾರ್ಥೇನಿಯಂ ಒಂಟಿ ಹೂವಾಗಿ ಮಾಯವಾಗುತ್ತದೆ, ಗುಂಪಾಗಿ ಹಿನ್ನೆಲೆಯನ್ನೆಲ್ಲ ಆವರಿಸಿದಾಗ ಗೆಲ್ಲುತ್ತದೆ. ಎಕ್ಕ ಹೇಗಿದ್ದರೂ ಗೆಲ್ಲುತ್ತದೆ. ಕಲಬುರಗಿಯವರೇ ಆದ ಚಿತ್ರಕಲಾವಿದ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರುಗಳನ್ನು ಬರೆದ ಕಾಲದಲ್ಲಿ ಚಿತ್ರ ಬೀದಿಯ ಆಚೆಬದಿಯಿಂದ ಕಾಣಬೇಕಿತ್ತು, ಈಗ ಅಂಗೈಯಲ್ಲಿ ಕಾಣಬೇಕು.

ಕಲಾವಿದರಿಗೆ ವಿಷಯವನ್ನು ಬಾಯಲ್ಲಿ ಹೇಳುವುದಕ್ಕಿಂತ ಬರೆದು ಕೊಡುವುದು ಒಳ್ಳೆಯದು, ಅದರಲ್ಲಿ ಭಾವನೆಗಳಿಗಿಂತ ಸಂಗತಿಗಳು ಹೆಚ್ಚಿರಬೇಕು. ಉದಾಹರಣೆಗೆ, ಮಾತನಾಡಲು ಪರವಾನಗಿ ಬೇಕಾದ ನಗರವನ್ನು ಕುರಿತ ಸಂಕಲನಕ್ಕೆ ಹೀಗೆ ಬರೆಯಬಹುದು: "ಸರ್, ನಮಸ್ಕಾರ. ಮುಖಪುಟಕ್ಕೆ ಕಾಯಿಕೊರಕ ಹೊಲಿದ ಹತ್ತಿ ಹೂ ಬೇಕು. ಬಿಳಿ ಹತ್ತಿಯ ಕಾಯಿ ಬೇಡ. ಎಸಳುಗಳು ಕೆನೆ ಬಣ್ಣದಲ್ಲಿದ್ದು ತುದಿಯಲ್ಲಿ ಸುರುಳಿಯಾಗಿರಲಿ, ನೂಲು ಹತ್ತಿರದಿಂದ ನೋಡಿದಾಗ ಮಾತ್ರ ಕಾಣಲಿ. ಹುಳುವನ್ನು ತೋರಿಸುವುದು ಬೇಡ. ಒಂದೇ ಹೂ, ಕೆಳಗಿನ ಅರ್ಧದಲ್ಲಿ. ಮೇಲಿನ ಅರ್ಧ ಶೀರ್ಷಿಕೆಗೆ ಖಾಲಿ ಇರಲಿ. ಹೊಲದಲ್ಲಿ ತೆಗೆದ ಫೋಟೊಗಳನ್ನೂ, ಈ ಹೂವಿಗೆ ಹತ್ತಿರವಾದ 3 ಕವಿತೆಗಳನ್ನೂ ಜೊತೆಗಿಟ್ಟಿದ್ದೇನೆ. ಬಣ್ಣದ ವಿಷಯ ತಮ್ಮ ತೀರ್ಮಾನಕ್ಕೆ ಬಿಟ್ಟದ್ದು." ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಉಳಿದದ್ದನ್ನು ನಿಜವಾಗಿಯೂ ಅವರಿಗೆ ಬಿಡಬೇಕು, ಎರಡನೆಯ ಕರಡಿನ ಹೊತ್ತಿಗೆ ಕೊಳಲು, ಪಾರಿವಾಳ, ಸರಪಳಿಗಳನ್ನು ಒಂದೊಂದಾಗಿ ಸೇರಿಸುವಂತೆ ಕೇಳುವ ಕವಿಗಳಿಂದಲೇ ಒಳ್ಳೆಯ ಮುಖಪುಟಗಳು ಹಾಳಾಗುವುದು.

ಅಚ್ಚಿಗೆ ಹೋಗುವ ಮುನ್ನ ಅದೇ ರಟ್ಟಿನ ಮೇಲೆ, ಅದೇ ಲ್ಯಾಮಿನೇಶನ್ ಹಾಕಿದ ಒಂದು ಮಾದರಿಯನ್ನು ತೆಗೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಪ್ರಕಾಶನದ ವಿವರಗಳಿರುವ ಒಳಪುಟದಲ್ಲಿ ಕಲಾವಿದರ ಹೆಸರಿನ ಜೊತೆಗೆ ಹೂವಿನ ಹೆಸರು, ಅದು ಸಿಕ್ಕ ಊರು ಮತ್ತು ತಿಂಗಳನ್ನು ಒಂದು ಸಾಲಿನಲ್ಲಿ ಹಾಕಬೇಕು; ಮದರಸಾದ ಹೆಂಚಿನಂಥ ವಿನ್ಯಾಸವಾಗಿದ್ದರೆ ಆ ಕಟ್ಟಡದ ಹೆಸರನ್ನೂ ಸೇರಿಸಬೇಕು. ಮರುಮುದ್ರಣದ ಹೊತ್ತಿಗೆ ಮುಖಪುಟವನ್ನು ಬೇರೆಯವರು ತಿದ್ದಬೇಕಾಗಿ ಬಂದರೆ, ಗೊಡ್ಡು ಬಿದ್ದ ತೊಗರಿಯನ್ನು ಬರಿಯ ಹಸಿರು ಗಿಡವೆಂದು ಭಾವಿಸಿ ಅದಕ್ಕೆ ಹೂ ಅಂಟಿಸದಂತೆ ಆ ಒಂದು ಸಾಲು ತಡೆಯುತ್ತದೆ.